ಸ್ಪೇನ್ ವೈನ್ ಅಗ್ಗ ಆಗುತ್ತಂತೆ: ವನಗೂರು ಕಡೆಯವರಿಗೆ ಇದರಲ್ಲಿ ಸಿಗೋದೇನು?

ವನಗೂರು: ಮಲೆನಾಡಿನ ಯಾವ ಪೇಟೆಗೆ ಹೋದರೂ ‘ವೈನ್ಸ್’ ಅಂತ ಒಂದು ಬೋರ್ಡ್ ಕಾಣುತ್ತದೆ. ಒಳಗೆ ಹೋಗಿ ನಿಜವಾಗಿಯೂ ವೈನ್ ಕೇಳಿದರೆ ಕೌಂಟರಿನವರು ಒಂದು ಕ್ಷಣ ಮುಖ ನೋಡುತ್ತಾರೆ. ಆಮೇಲೆ ಮೇಲಿನ ಸಾಲಿನಿಂದ, ರಮ್ಮು ಬ್ರಾಂದಿಗಳ ಹಿಂದಿನಿಂದ, ಧೂಳು ಒರೆಸಿ ಒಂದು ಬಾಟಲಿ ಇಳಿಸುತ್ತಾರೆ. ಬಹುಪಾಲು ಅದು ಸಿಹಿ ಪೋರ್ಟ್ ವೈನ್. ಬೋರ್ಡಿನಲ್ಲಿ ಇರೋದು ಒಂದು, ಮಾರಾಟ ಆಗೋದು ಇನ್ನೊಂದು.

ಈ ಬೋರ್ಡಿಗೆ ಅರ್ಥ ಬರುವ ಕಾಲ ಬಂತು ಅಂತ ಕೆಲವರು ಹೇಳತೊಡಗಿದ್ದಾರೆ. ಕಾರಣ, 2026ರ ಜನವರಿ 27ರಂದು ಭಾರತ ಮತ್ತು ಐರೋಪ್ಯ ಒಕ್ಕೂಟದ ನಡುವಿನ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತು ಅಂತ ಎರಡೂ ಕಡೆಯವರು ಘೋಷಿಸಿದರು. ಅದರಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್ ವೈನ್ ಮೇಲಿನ ಆಮದು ಸುಂಕ ಇಳಿಸುವ ಮಾತಿದೆ. ಈಗ ಇರುವ ಸುಂಕ ಶೇ 150. ಅದು ಹಂತ ಹಂತವಾಗಿ ಇಳಿದು ಮಧ್ಯಮ ದರದ ವೈನ್‌ಗೆ ಶೇ 30, ದುಬಾರಿ ವೈನ್‌ಗೆ ಶೇ 20 ಆಗಬೇಕು ಅನ್ನೋದು ಒಪ್ಪಂದ. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಇದು ಬರುವಷ್ಟರಲ್ಲಿ ‘ಫಾರಿನ್ ವೈನು ನೀರಿನ ರೇಟಿಗೆ’ ಆಗಿಬಿಟ್ಟಿತ್ತು.

ನೀರಿನ ರೇಟಿಗೆ ಆಗೋದಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡಿದರೇ ಗೊತ್ತಾಗುತ್ತದೆ. ಹೋಂಸ್ಟೇ ನಡೆಸುವವರು, ಎಂಆರ್‌ಪಿ ಅಂಗಡಿಯವರು, ಮನೆಯಲ್ಲಿ ವಾರಕ್ಕೊಮ್ಮೆ ಒಂದು ಗ್ಲಾಸು ಕುಡಿಯೋಣ ಅನ್ನುವವರು, ಎಲ್ಲರಿಗೂ ಈ ಲೆಕ್ಕ ಬೇಕು. ದುಡ್ಡು ಹಾಕುವವರು ಅವರೇ.

ಶೇ 150 ಅಂದರೆ ಎಷ್ಟು

ಲೆಕ್ಕ ಸುಲಭ ಆಗಲಿ ಅಂತ ಒಂದು ಯೂರೋಗೆ 100 ರೂಪಾಯಿ ಅಂತಲೇ ಇಟ್ಟುಕೊಳ್ಳೋಣ. ಸ್ಪೇನಿನಿಂದ 4 ಯೂರೋ ಬೆಲೆಯ ಒಂದು ಬಾಟಲಿ ನಮ್ಮ ಬಂದರಿಗೆ ಬಂದರೆ ಅದು 400 ರೂಪಾಯಿ ಸರಕು. ಶೇ 150 ಸುಂಕ ಅಂದರೆ ಅದರ ಮೇಲೆ 600 ರೂಪಾಯಿ. ಬಂದರು ದಾಟುವಾಗಲೇ 1000 ರೂಪಾಯಿ. ಸುಂಕ ಶೇ 75ಕ್ಕೆ ಇಳಿದರೆ ಅದೇ ಬಾಟಲಿ 700 ರೂಪಾಯಿ. ಶೇ 30 ಆದರೆ 520 ರೂಪಾಯಿ. ಇಷ್ಟರವರೆಗೆ ನೋಡಿದರೆ ಖುಷಿಯ ಸುದ್ದಿಯೇ.

ಆದರೆ ಬಾಟಲಿ ಇನ್ನೂ ಬಂದರಿನಲ್ಲೇ ಇದೆ. ಆಮದು ಮಾಡಿದವರ ಲಾಭ, ಗೋದಾಮು, ಸಾಗಣೆ, ರಾಜ್ಯದ ಅಬಕಾರಿ ಸುಂಕ, ಲೇಬಲ್ ನೋಂದಣಿ ಶುಲ್ಕ, ಕೆಎಸ್‌ಬಿಸಿಎಲ್ ಪಾಲು, ಅಂಗಡಿಯವರ ಪಾಲು ಎಲ್ಲ ಆಮೇಲೆ ಹತ್ತುತ್ತವೆ. ಕುಡಿಯುವ ಮದ್ಯ ಜಿಎಸ್‌ಟಿ ಒಳಗೆ ಇಲ್ಲ. ಅದು ರಾಜ್ಯದ ಕೈಯಲ್ಲಿರುವ ಆದಾಯ, ದೆಹಲಿಯ ಒಪ್ಪಂದ ಅದನ್ನು ಮುಟ್ಟುವುದಿಲ್ಲ. ದೆಹಲಿ ಇಳಿಸಿದ್ದನ್ನು ಬೆಂಗಳೂರು ಏರಿಸಬಾರದು ಅಂತ ಯಾವ ಒಪ್ಪಂದದಲ್ಲೂ ಬರೆದಿಲ್ಲ. ರಾಜ್ಯ ಬಜೆಟ್ ಬಂದಾಗಲೆಲ್ಲ ಕುಡಿಯುವವರು ಮೊದಲು ನೋಡೋದು ಯಾವ ಪುಟ ಅಂತ ಎಲ್ಲರಿಗೂ ಗೊತ್ತಿರೋದೇ.

ಇನ್ನೊಂದು ವಿಷಯ ಸುದ್ದಿಯಲ್ಲಿ ಹೆಚ್ಚು ಬರಲಿಲ್ಲ, ಆದರೆ ಇಲ್ಲಿಯವರಿಗೆ ಅದೇ ಮುಖ್ಯ. ಬಾಟಲಿಗೆ ಎರಡೂವರೆ ಯೂರೋಗಿಂತ ಕಡಿಮೆ ಬೆಲೆಯ ವೈನ್‌ಗೆ ಈ ರಿಯಾಯಿತಿ ಇಲ್ಲ. ಅಂದರೆ ಸ್ಪೇನಿನ ಹಳ್ಳಿಯವನು ದಿನಾ ಊಟಕ್ಕೆ ಇಟ್ಟುಕೊಳ್ಳುವ ತೀರಾ ಅಗ್ಗದ ವೈನ್ ಇದೆಯಲ್ಲ, ಅದಕ್ಕೆ ಹಳೇ ಸುಂಕವೇ. ಕಾರಣವೂ ಸರಳ: ನಾಸಿಕ್, ಸೋಲಾಪುರ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಗಾರರನ್ನು, ಅಲ್ಲಿನ ವೈನರಿಗಳನ್ನು ಉಳಿಸಬೇಕು. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಲ್ಲೂ ಹೀಗೇ ಮಾಡಿದ್ದಾರೆ. 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿರುವ ಆ ಒಪ್ಪಂದದಲ್ಲಿ ಬಾಟಲಿಗೆ 5 ಡಾಲರ್‌ಗಿಂತ ಹೆಚ್ಚಿನ ಬೆಲೆಯದಕ್ಕೆ ಮಾತ್ರ ಸುಂಕ ಶೇ 150ರಿಂದ 100ಕ್ಕೆ ಇಳಿದು, ಹತ್ತು ವರ್ಷದಲ್ಲಿ ಶೇ 50ಕ್ಕೆ ಬರಬೇಕು. 15 ಡಾಲರ್ ಮೇಲಿನದಕ್ಕೆ ಇನ್ನೂ ಹೆಚ್ಚು ಇಳಿಕೆ. ಎರಡರಲ್ಲೂ ನೀತಿ ಒಂದೇ: ದುಬಾರಿ ವೈನ್ ಕುಡಿಯುವವನಿಗೆ ಮೊದಲ ಲಾಭ.

ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಅಗ್ಗದ ಕಾಳುಮೆಣಸು ಬಂದು ಇಲ್ಲಿನ ರೇಟು ಬಿದ್ದಾಗ ಕನಿಷ್ಠ ಆಮದು ಬೆಲೆ ನಿಗದಿ ಮಾಡಿ ಅಂತ ಕೇಳಿದವರು ಇದೇ ಬೆಟ್ಟಗಳ ಜನ. ವೈನ್‌ನಲ್ಲಿ ಈಗ ಆ ಬೇಲಿ ದ್ರಾಕ್ಷಿಯವರಿಗೆ ಸಿಕ್ಕಿದೆ. ಇಲ್ಲಿಯವರು ಮಾತ್ರ ಈ ಸಲ ಬೇಲಿಯ ಆಚೆ, ಕೊಳ್ಳುವವರ ಕಡೆ ನಿಂತಿದ್ದಾರೆ.

ಹಾಗಾದರೆ ಕೊಳ್ಳೋದು ಯಾವುದು

ಲೆಕ್ಕ ಹೀಗಿದ್ದಾಗ ದುಡ್ಡಿಗೆ ಸರಿಯಾದ ಮಾಲು ಇರೋದು ಬೇಲಿಯ ಸ್ವಲ್ಪ ಮೇಲೆ. ಅಂದರೆ ಸ್ಪೇನಿನಲ್ಲಿ 3ರಿಂದ 6 ಯೂರೋ ಬೆಲೆಯ ವೈನ್. ಅಲ್ಲಿ ಆ ದರಕ್ಕೆ ಒಳ್ಳೆಯದೇ ಸಿಗುತ್ತದೆ. ಪ್ರಪಂಚದಲ್ಲಿ ಅತಿ ಹೆಚ್ಚು ಜಾಗದಲ್ಲಿ ದ್ರಾಕ್ಷಿ ತೋಟ ಇರುವ ದೇಶ ಸ್ಪೇನ್. ಬಿಸಿಲು ಜಾಸ್ತಿ, ಮಳೆ ಕಡಿಮೆ, ರೋಗ ಕಡಿಮೆ, ಹಳೇ ಬಳ್ಳಿಗಳು, ರೈತರ ಸಹಕಾರ ಸಂಘದ ವೈನರಿಗಳು. ಇದೆಲ್ಲ ಸೇರಿ ಫ್ರಾನ್ಸಿಗಿಂತ ಕಡಿಮೆ ದರಕ್ಕೆ ಅವರು ಕೊಡಬಲ್ಲರು.

ಲೇಬಲ್ ನೋಡಿದರೆ ಮೊದಲು ತಲೆ ತಿರುಗುತ್ತದೆ, ಒಪ್ಪಬೇಕು. ಆದರೆ ನಾಲ್ಕು ಪದ ಗೊತ್ತಿದ್ದರೆ ಸಾಕು. ‘ಹೋವೆನ್’ ಅಂದರೆ ಎಳೆಯದು, ಮರದ ಪೀಪಾಯಿಯಲ್ಲಿ ಇಡದೆ ಅಥವಾ ಸ್ವಲ್ಪ ದಿನ ಮಾತ್ರ ಇಟ್ಟು ಬಾಟಲಿಗೆ ತುಂಬಿದ್ದು. ಇಂಗ್ಲಿಷಿನಲ್ಲಿ ಜೆ ಅಕ್ಷರದಿಂದ ಶುರುವಾಗುತ್ತದೆ, ಜೋವೆನ್ ಅಂತ ಕೇಳಿದರೂ ಅಂಗಡಿಯವರು ಬಯ್ಯುವುದಿಲ್ಲ. ‘ಕ್ರಿಯಾನ್ಸಾ’ ಅಂದರೆ ರಿಯೋಹಾ ಪ್ರದೇಶದಲ್ಲಿ ಕಮ್ಮಿ ಅಂದರೂ ಎರಡು ವರ್ಷ ಮಾಗಿಸಿದ್ದು, ಅದರಲ್ಲಿ ಒಂದು ವರ್ಷ ಓಕ್ ಮರದ ಪೀಪಾಯಿಯಲ್ಲಿ. ‘ರೆಸೆರ್ವಾ’ ಮೂರು ವರ್ಷ. ‘ಗ್ರಾನ್ ರೆಸೆರ್ವಾ’ ಐದು ವರ್ಷ. ವರ್ಷ ಜಾಸ್ತಿ ಆದಷ್ಟೂ ಬೆಲೆ ಜಾಸ್ತಿ. ದಿನದ ಊಟಕ್ಕೆ ಹೋವೆನ್, ಅಪರೂಪಕ್ಕೆ ಕ್ರಿಯಾನ್ಸಾ. ಅದರ ಮೇಲಿನದಕ್ಕೆ ಇಲ್ಲಿಯ ಸುಂಕದಲ್ಲಿ ದುಡ್ಡು ಹಾಕುವುದು ದಂಡ.

ಬೇರೆ ದೇಶಗಳ ಬಾಟಲಿಗಳಲ್ಲಿ ‘ರಿಸರ್ವ್’ ಅಂತ ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೋಡಿ ಮೋಸ ಹೋಗಬಾರದು. ನಮ್ಮ ದೇಶದ ವೈನ್‌ಗಳಲ್ಲೂ ಆ ಪದ ಇರುತ್ತದೆ. ಅದು ಕಂಪನಿ ಇಟ್ಟುಕೊಂಡ ಹೆಸರು, ಅಷ್ಟೇ. ಸ್ಪೇನಿನಲ್ಲಿ ಆ ಪದಕ್ಕೆ ಕಾನೂನಿನ ಲೆಕ್ಕ ಇದೆ.

ದ್ರಾಕ್ಷಿ ಜಾತಿಯಲ್ಲಿ ‘ಟೆಂಪ್ರನೀಯೊ’ ಸ್ಪೇನಿನ ಹೆಸರುವಾಸಿ ಕೆಂಪು. ನಾಸಿಕ್ ಕಡೆಯೂ ಇದನ್ನು ಬೆಳೆದು ವೈನ್ ಮಾಡಿದವರಿದ್ದಾರೆ. ‘ರಿಯೋಹಾ’ ಅಂತ ಹೆಸರು ಇದ್ದರೆ ಸಾಮಾನ್ಯವಾಗಿ ಒಳಗಿರುವುದು ಇದೇ, ಹೆಸರಿಗೆ ಸ್ವಲ್ಪ ಹೆಚ್ಚು ದುಡ್ಡೂ ಕೊಡಬೇಕು. ಅದಕ್ಕಿಂತ ಕಡಿಮೆ ದರಕ್ಕೆ ಒಳ್ಳೇದು ಬೇಕು ಅಂದರೆ ‘ಗಾರ್ನಾಚಾ’ ಹುಡುಕಬೇಕು. ಆರಗಾನ್ ಪ್ರಾಂತ್ಯದ ಕಾರಿನ್ಯೇನಾ, ಕಂಪೊ ದೆ ಬೋರ್ಹಾ, ಕಲಾತಾಯುದ್ ಅನ್ನುವ ಊರುಗಳದ್ದು. ಹಣ್ಣಿನ ರುಚಿ ಮುಂದೆ ಇರುತ್ತದೆ, ಒಗರು ಕಮ್ಮಿ. ದಪ್ಪ, ಗಾಢ ಬೇಕು ಅನ್ನುವವರಿಗೆ ಹುಮಿಯಾ ಕಡೆಯ ‘ಮೊನಾಸ್ಟ್ರೆಲ್’. ಬಿಳಿಯಲ್ಲಿ ರುವೇದಾದ ‘ವೆರ್ದೇಹೊ’. ನೊರೆ ಬರುವ ವೈನ್ ಬೇಕಾದರೆ ಶಾಂಪೇನ್ ಬದಲು ‘ಕಾವಾ’. ಮಾಡುವ ವಿಧಾನ ಒಂದೇ, ಬಾಟಲಿಯಲ್ಲೇ ಎರಡನೇ ಸಲ ಹುದುಗಿಸೋದು. ಬೆಲೆ ಮಾತ್ರ ಎಷ್ಟೋ ಕಮ್ಮಿ.

ಆದರೆ ಇವೆಲ್ಲ ಸದ್ಯಕ್ಕೆ ಬೆಂಗಳೂರಿನ ದೊಡ್ಡ ಅಂಗಡಿಗಳ ಮಾತು. ತಾಲೂಕು ಮಟ್ಟದಲ್ಲಿ ಕೈಗೆ ಸಿಗುವುದು ದೇಶದೊಳಗಿನ ವೈನ್, ಅದನ್ನು ಕೀಳಾಗಿ ನೋಡಬೇಕಾಗಿಯೂ ಇಲ್ಲ. ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್‌ನವರು 1988ರಲ್ಲೇ ಶುರು ಮಾಡಿದರು. ನಾಸಿಕ್‌ನ ಸುಲಾ ಕಂಪನಿ ಚನ್ನಪಟ್ಟಣದಲ್ಲಿದ್ದ ಹೆರಿಟೇಜ್ ವೈನರಿಯನ್ನು ತೆಗೆದುಕೊಂಡು ಡೊಮೇನ್ ಸುಲಾ ಅಂತ ನಡೆಸುತ್ತಿದೆ. ಹಂಪಿ ಬೆಟ್ಟಗಳ ಕಡೆ ಕ್ರಿಸ್ಮಾ ಇದೆ, ಅದು ದಿನದ ಊಟದ ರೇಟಿನದ್ದಲ್ಲ. ಸ್ಪೇನಿನ ಬಾಟಲಿಗೆ ಸುಂಕಕ್ಕೆ ಹೋಗುವ ದುಡ್ಡು ಇವುಗಳಲ್ಲಿ ದ್ರಾಕ್ಷಿಗೆ ಹೋಗುತ್ತದೆ. ಅದೇ ರೇಟಿಗೆ ಇಟ್ಟು ನೋಡಿದರೆ ಇವತ್ತಿನ ಮಟ್ಟಿಗೆ ಕರ್ನಾಟಕ, ಮಹಾರಾಷ್ಟ್ರದ ಮಧ್ಯಮ ದರದ ಕೆಂಪು ವೈನೇ ಲಾಭ. ಸುಂಕ ಶೇ 30ಕ್ಕೆ ಬಂದ ದಿನ ಈ ಮಾತು ತಿರುಗಬಹುದು.

ಮೊದಲ ಸಲ ಕೊಳ್ಳುವವರು ಇಡೀ 750 ಎಂಎಲ್ ತೆಗೆದುಕೊಳ್ಳಲೇಬೇಕು ಅಂತ ಇಲ್ಲ. 375 ಎಂಎಲ್ ಅರ್ಧ ಬಾಟಲಿಗಳು, ಕ್ಯಾನ್‌ಗಳು ಬರುತ್ತವೆ. ವೈನ್ ರಮ್ ಥರ ಅಲ್ಲ. ಮುಚ್ಚಳ ತೆಗೆದ ಮೇಲೆ ಬೀರುವಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಹುಳಿಯಾಗುತ್ತದೆ. ಫ್ರಿಜ್‌ನಲ್ಲಿ ಇಟ್ಟು ಮೂರು ನಾಲ್ಕು ದಿನದೊಳಗೆ ಮುಗಿಸಬೇಕು. ತಿರುಪಿನ ಮುಚ್ಚಳ ಇದ್ದರೆ ಕೀಳು ಮಾಲು ಅನ್ನೋದೂ ತಪ್ಪು. ದಿನದ ವೈನ್‌ಗೆ ಅದೇ ಅನುಕೂಲ, ಬಿರಡೆ ತೆಗೆಯುವ ಸ್ಕ್ರೂ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಇಲ್ಲಿಯ ಊಟಕ್ಕೆ ಯಾವುದು ಹೊಂದುತ್ತದೆ ಅನ್ನೋದಕ್ಕೆ ಪುಸ್ತಕದ ಪಾಠ ಕೆಲಸಕ್ಕೆ ಬರುವುದಿಲ್ಲ. ಕಡುಬು, ಕೋಳಿ ಸಾರು, ಅಕ್ಕಿ ರೊಟ್ಟಿ, ಹಂದಿ ಮಾಂಸದ ಹುರುಕಲು, ಮಳೆಗಾಲದ ಏಡಿ ಸಾರು, ಕಳಲೆ ಪಲ್ಯ. ಎಲ್ಲದರಲ್ಲೂ ಖಾರ, ಮೆಣಸು ಮುಂದೆ. ಖಾರದ ಬಾಯಿಗೆ ಒಗರು ವೈನ್ ಬಿದ್ದರೆ ನಾಲಿಗೆ ಉರಿಯುತ್ತದೆ, ವೈನಿನ ರುಚಿಯೂ ಹೋಗುತ್ತದೆ. ಆದ್ದರಿಂದ ಪೀಪಾಯಿಯ ವಾಸನೆಯ ಗಾಢ ಕೆಂಪು ಬೇಡ. ಗಾರ್ನಾಚಾದಂಥ ಮೆದು ಕೆಂಪು ಅಥವಾ ಗುಲಾಬಿ ಬಣ್ಣದ ರೋಸ್ ವೈನ್, ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆದದ್ದು, ನಮ್ಮ ಸಾರಿಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಫ್ರಿಜ್ ಕೂಡ ಬೇಕಾಗಿಲ್ಲ, ಕಿಟಕಿ ಪಕ್ಕ ಇಟ್ಟರಾಯಿತು. ಕರೆಂಟು ಹೇಗೂ ಇರೋದಿಲ್ಲ.

ಸೋಡಾ ಬೆರೆಸಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಸಂಕೋಚವೂ ಬೇಡ. ಸ್ಪೇನಿನವರೇ ಬೇಸಿಗೆಯಲ್ಲಿ ಅಗ್ಗದ ಕೆಂಪು ವೈನ್‌ಗೆ ನಿಂಬೆ ಸೋಡಾ, ಐಸು ಹಾಕಿ ‘ತಿಂತೊ ದೆ ವೆರಾನೊ’ ಅಂತ ಕುಡಿಯುತ್ತಾರೆ. ಬಾಸ್ಕ್ ನಾಡಿನವರು ಕೋಲಾ ಕೂಡ ಬೆರೆಸುತ್ತಾರೆ.

ಕ್ವಾರ್ಟರ್ ಲೆಕ್ಕದವರಿಗೆ

ವೈನ್ ಅಂದರೆ ಲೈಟು, ಎಷ್ಟು ಕುಡಿದರೂ ಪರವಾಗಿಲ್ಲ ಅನ್ನುವ ನಂಬಿಕೆ ಈ ಕಡೆ ಗಟ್ಟಿಯಾಗಿದೆ. ಅದನ್ನೂ ಲೆಕ್ಕದಲ್ಲೇ ನೋಡಬೇಕು. ಇಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಆಲ್ಕೋಹಾಲ್ ಶೇ 42.8. ಹಾಗಾಗಿ 180 ಎಂಎಲ್ ಕ್ವಾರ್ಟರಿನಲ್ಲಿ ಇರುವ ಶುದ್ಧ ಆಲ್ಕೋಹಾಲ್ ಸುಮಾರು 77 ಎಂಎಲ್. ಶೇ 13ರ ಒಂದು ಫುಲ್ ವೈನ್ ಬಾಟಲಿಯಲ್ಲಿ 97 ಎಂಎಲ್‌ಗಿಂತ ಜಾಸ್ತಿ. ಅಂದರೆ ಒಬ್ಬನೇ ಕೂತು ಒಂದು ಬಾಟಲಿ ವೈನ್ ಮುಗಿಸಿದವನು ಕ್ವಾರ್ಟರ್ ದಾಟಿ ಹೋಗಿದ್ದಾನೆ. 150 ಎಂಎಲ್‌ನ ಒಂದು ಗ್ಲಾಸು ವೈನ್‌ನಲ್ಲಿ 19.5 ಎಂಎಲ್, 60 ಎಂಎಲ್ ಪೆಗ್‌ನಲ್ಲಿ 25.7 ಎಂಎಲ್. ವ್ಯತ್ಯಾಸ ಇದೆ, ಆದರೆ ಅಂದುಕೊಂಡಷ್ಟು ಇಲ್ಲ.

ಇದೇ ಲೆಕ್ಕವನ್ನು ತಿರುಗಿಸಿದರೆ ಇನ್ನೊಂದು ಸತ್ಯ ಕಾಣುತ್ತದೆ. ಕಿಕ್ಕಿಗಾಗಿ ಕುಡಿಯುವವನಿಗೆ ವೈನ್ ಯಾವ ಕಾಲಕ್ಕೂ ಲಾಭ ಅಲ್ಲ. ತೋಟದ ಕೆಲಸ ಮುಗಿಸಿ ಬಂದು 90 ಎಂಎಲ್ ಟೆಟ್ರಾ ಪ್ಯಾಕ್ ಕೇಳುವ ಕೂಲಿಯವನಿಗೆ ಸ್ಪೇನ್ ಒಪ್ಪಂದದಿಂದ ಏನೂ ಇಲ್ಲ. ಅವನು ಕುಡಿಯುವ ಮದ್ಯದ ಬೆಲೆ ದೆಹಲಿಯಲ್ಲೂ ಬ್ರಸೆಲ್ಸ್‌ನಲ್ಲೂ ನಿರ್ಧಾರ ಆಗೋದಿಲ್ಲ, ವಿಧಾನಸೌಧದಲ್ಲಿ ಆಗುತ್ತದೆ. 2007 ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ರಾಜ್ಯ ತಂದದ್ದೂ ಅದೇ 2007ರಲ್ಲಿ. ಒಂದೇ ವರ್ಷ ಬಡವನ ಪಾಕೀಟು ಹೋಯಿತು, ವೈನ್‌ಗೆ ಬಾಗಿಲು ತೆರೆಯಿತು. ಸಾರಾಯಿ ಬಿಟ್ಟವರು ವೈನ್‌ಗೆ ಬರಲಿಲ್ಲ, ಅಗ್ಗದ ವಿಸ್ಕಿ ಬ್ರಾಂದಿಗೆ ಹೋದರು. ವೈನ್ ಬೇರೆಯವರದ್ದಾಗಿಯೇ ಉಳಿಯಿತು.

ಕೆಂಪು ವೈನ್ ಹೃದಯಕ್ಕೆ ಒಳ್ಳೇದು ಅನ್ನುವ ಮಾತೂ ಈಗ ಹಳೆಯದು. ಆರೋಗ್ಯಕ್ಕೆ ತೊಂದರೆ ಇಲ್ಲದ ಕುಡಿತದ ಪ್ರಮಾಣ ಅಂತ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲೇ ಹೇಳಿದೆ. ಔಷಧಿ ಅಂತ ಕುಡಿಯುವವರು ಬೇರೆ ನೆಪ ಹುಡುಕಿಕೊಳ್ಳಬೇಕು.

ರಸ್ತೆ ವಿಷಯ ಬೇರೆಯೇ. ನೂರು ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ವೈನ್ ಕುಡಿದೆ, ವಿಸ್ಕಿ ಅಲ್ಲ ಅಂದರೆ ಮೆಷಿನ್ನು ಕೇಳುವುದಿಲ್ಲ. ಬಿಸಿಲೆ ಘಾಟಿನ ತಿರುವುಗಳೂ ಕೇಳುವುದಿಲ್ಲ. ಸಂಜೆ ಮೇಲೆ ತೋಟದ ದಾರಿಯಲ್ಲಿ ನಡೆದು ಹೋಗುವವರಿಗೆ ಆನೆ ಭಯ ಇದ್ದೇ ಇದೆ. ಸಕಲೇಶಪುರ, ಆಲೂರು ತಾಲೂಕುಗಳಲ್ಲಿ ಕತ್ತಲಾದ ಮೇಲೆ ಕಿವಿ ಕಣ್ಣು ಚುರುಕಾಗಿ ಇರಲೇಬೇಕು.

ಹೋಂಸ್ಟೇ ಮತ್ತು ‘ಹೋಂಮೇಡ್’

ಈ ಸುದ್ದಿಯಲ್ಲಿ ನಿಜವಾಗಿ ಕೈ ಸುಟ್ಟುಕೊಳ್ಳಬಹುದಾದವರು ಹೋಂಸ್ಟೇಯವರು. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವವರು ವೈನ್ ಕೇಳುತ್ತಾರೆ, ಇಲ್ಲ ಅಂದರೆ ಮುಖ ಸಣ್ಣದು ಮಾಡುತ್ತಾರೆ. ಹಾಗಂತ ನಾಲ್ಕು ಬಾಟಲಿ ತಂದಿಟ್ಟು ಊಟದ ಬಿಲ್ಲಿನಲ್ಲಿ ಸೇರಿಸಿದರೆ ಅದು ಲೈಸೆನ್ಸ್ ಇಲ್ಲದ ಮಾರಾಟ. ಹೋಂಸ್ಟೇ ಅಂತ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರುವುದಕ್ಕೂ ಅಬಕಾರಿ ಇಲಾಖೆಯ ಲೈಸೆನ್ಸಿಗೂ ಸಂಬಂಧ ಇಲ್ಲ. ಬಂದವರು ತಮ್ಮ ಬಾಟಲಿ ತಾವೇ ತಂದರೆ ಅದು ಅವರ ಜವಾಬ್ದಾರಿ, ಹೋಂಸ್ಟೇಯವರು ಗ್ಲಾಸು, ಐಸು ಕೊಡುವಷ್ಟರಲ್ಲಿ ನಿಲ್ಲಿಸುವುದು ವಾಸಿ. ಒಳ್ಳೆಯ ಗ್ಲಾಸು, ಒಂದು ಸ್ಕ್ರೂ ಇಟ್ಟುಕೊಂಡರೆ ಅತಿಥಿಗೆ ಅದೇ ದೊಡ್ಡ ಉಪಕಾರ. ಯಾವ ವೈನ್ ತರಬೇಕು ಅಂತ ಬುಕಿಂಗ್ ಸಮಯದಲ್ಲೇ ಹೇಳಿಬಿಟ್ಟರೆ ಇನ್ನೂ ಒಳ್ಳೇದು. ಸಲಹೆಗೆ ಲೈಸೆನ್ಸ್ ಬೇಡ.

ಇದಕ್ಕಿಂತ ಸೂಕ್ಷ್ಮ ವಿಷಯ ಮನೆಯಲ್ಲಿ ಮಾಡುವ ವೈನ್. ಪಕ್ಕದ ಕೊಡಗಿನಲ್ಲಿ ಪ್ರವಾಸಿಗರಿಗೆ ‘ಹೋಂಮೇಡ್ ವೈನ್’ ಮಾರುವ ಅಂಗಡಿಗಳನ್ನು ನೋಡಿ ಬಂದವರು ನಾವೂ ಮಾಡಿದರೇನು ಅನ್ನುತ್ತಾರೆ. ದ್ರಾಕ್ಷಿ, ಅನಾನಸ್, ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ, ಪ್ಯಾಷನ್ ಫ್ರೂಟ್ ಎಲ್ಲದರಲ್ಲೂ ಮಾಡುತ್ತಾರೆ. ಭರಣಿಯಲ್ಲಿ ಸಕ್ಕರೆ, ಗೋಧಿ, ಈಸ್ಟ್ ಹಾಕಿ ಮೂರು ವಾರ ಬಿಟ್ಟು ಸೋಸುವ ಕೆಲಸ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ ಅಪರಾಧ, ಜೈಲು ದಂಡ ಎರಡೂ ಇದೆ. ಹಣ್ಣಿನದ್ದು, ಮನೆಯದ್ದು ಅನ್ನುವ ವಿನಾಯಿತಿ ಮಾರಾಟಕ್ಕೆ ಇಲ್ಲ. ಎಲ್ಲರೂ ಮಾರುತ್ತಿದ್ದಾರೆ ಅನ್ನೋದು ರೇಡ್ ಆದ ದಿನ ಉತ್ತರ ಆಗುವುದಿಲ್ಲ.

ಕಾನೂನು ಬದಿಗಿಟ್ಟರೂ ಅದರಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಹುದುಗು ಪೂರ್ತಿ ಮುಗಿಯದೆ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಕಾರಿನ ಡಿಕ್ಕಿಯಲ್ಲಿ ಬಾಟಲಿ ಸಿಡಿಯಬಹುದು.

ಇಲ್ಲಿ ಸರ್ಕಾರದ ಕಡೆಯೂ ಒಂದು ಪ್ರಶ್ನೆ ಇದೆ. ದ್ರಾಕ್ಷಿ ಬೆಳೆಯುವ ಜಿಲ್ಲೆಗಳಿಗೆ ವೈನ್ ನೀತಿ ಇದೆ, ವೈನ್ ಮಂಡಳಿ ಇದೆ, ಮೇಳಗಳು ನಡೆಯುತ್ತವೆ. ಮಲೆನಾಡಿನಲ್ಲಿ ವೈನ್ ದ್ರಾಕ್ಷಿ ಬರುವುದಿಲ್ಲ, ಹಣ್ಣಾಗುವ ಸಮಯಕ್ಕೆ ಒಣ ಹವೆ ಬೇಕು, ಬಿಸಿಲೆ ಮಳೆಗೆ ಬಳ್ಳಿ ಕೊಳೆಯುತ್ತದೆ. ಆದರೆ ಹಣ್ಣು ಬೇಕಾದಷ್ಟಿದೆ. ಹೆಂಗಸರ ಸಂಘಗಳು ಸಣ್ಣ ಪ್ರಮಾಣದಲ್ಲಿ, ಕಡಿಮೆ ಶುಲ್ಕದಲ್ಲಿ, ಪರೀಕ್ಷೆಗೆ ಒಳಪಟ್ಟು ಹಣ್ಣಿನ ವೈನ್ ಮಾಡುವ ದಾರಿ ಸುಲಭ ಮಾಡಿದರೆ ಸ್ಪೇನಿನ ಬಾಟಲಿಗಿಂತ ಅದು ಈ ಕಡೆಗೆ ಹೆಚ್ಚು ಕೆಲಸಕ್ಕೆ ಬರುತ್ತಿತ್ತು. ಕುಡಿತದಿಂದ ಮನೆ ಹಾಳಾದವರು ಇದನ್ನು ಒಪ್ಪುವುದಿಲ್ಲ, ಅವರ ಮಾತಿಗೂ ತೂಕ ಇದೆ. ಮಹಾರಾಷ್ಟ್ರದಲ್ಲಿ 2022ರ ಜನವರಿಯಲ್ಲಿ ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಸಂಪುಟ ಒಪ್ಪಿದಾಗ ಅಣ್ಣಾ ಹಜಾರೆ ಉಪವಾಸದ ಎಚ್ಚರಿಕೆ ಕೊಟ್ಟಿದ್ದರು. ರೈತರ ಹೆಸರಿನಲ್ಲಿ ತಂದ ಆ ತೀರ್ಮಾನಕ್ಕೆ ವಿರೋಧ ಬಂದದ್ದೂ ಹಳ್ಳಿಗಳ ಹೆಸರಿನಲ್ಲೇ. ಇಲ್ಲಿಯ ಕಿರಾಣಿ ಅಂಗಡಿಯವರು ಆ ಸುದ್ದಿ ನೋಡಿ ಆಸೆ ಪಡುವುದು ಬೇಡ. ಕಿರಾಣಿಯಲ್ಲಿ ವೈನ್ ಇಟ್ಟರೆ ಅದು ಅಕ್ರಮ ಮದ್ಯವೇ.

ಅಂಗಡಿಯವರ ಲೆಕ್ಕ

ಕೊನೆಗೆ ಲೈಸೆನ್ಸ್ ಇರುವ ಅಂಗಡಿಯವರ ಮಾತು. ಕೆಎಸ್‌ಬಿಸಿಎಲ್‌ನಿಂದ ಸರಕು ಎತ್ತಬೇಕಾದರೆ ಮೊದಲು ದುಡ್ಡು ಕಟ್ಟಬೇಕು, ಸಾಲ ಇಲ್ಲ. ಒಂದು ಕೇಸು ರಮ್ ಎರಡು ದಿನದಲ್ಲಿ ಖಾಲಿಯಾಗುವ ಕಡೆ ಒಂದು ಕೇಸು ವೈನ್ ಆರು ತಿಂಗಳು ಕೂತರೆ ಅಷ್ಟು ಬಂಡವಾಳ ಕೂತಂತೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ, ಬಾಗಿಲಿನ ಬಿಸಿಲಿಗೆ ನಿಲ್ಲಿಸಿದ ವೈನ್ ಕೆಡುತ್ತದೆ ಕೂಡ. ಕೆಟ್ಟ ಬಾಟಲಿ ತೆಗೆದುಕೊಂಡು ಹೋದ ಗಿರಾಕಿ ವೈನ್ ಅಂದರೆ ಹೀಗೇ ಹುಳಿ ಅಂದುಕೊಂಡು ಮತ್ತೆ ಬರುವುದಿಲ್ಲ. ತಾಲೂಕು ಅಂಗಡಿಗಳಲ್ಲಿ ವೈನ್ ಹೋಗದಿರಲು ಬೆಲೆ ಅರ್ಧ ಕಾರಣ, ಇದು ಇನ್ನರ್ಧ. ಇಡುವುದಾದರೆ ಎರಡು ಮೂರು ಬಗೆ ಸಾಕು: ಒಂದು ಮೆದು ಕೆಂಪು, ಒಂದು ಬಿಳಿ, ಅರ್ಧ ಬಾಟಲಿಗಳಲ್ಲಿ. ನೆರಳಿನಲ್ಲಿ, ಕೆಳಗಿನ ಸಾಲಿನಲ್ಲಿ ಇಡಬೇಕು. ಬಿರಡೆ ಇರುವ ಬಾಟಲಿಯನ್ನು ಮಲಗಿಸಬೇಕು. ಶುಕ್ರವಾರ, ಶನಿವಾರ ಪ್ರವಾಸಿಗರ ಗಾಡಿ ನಿಲ್ಲುವ ಸಕಲೇಶಪುರ ಪೇಟೆಯಂಥ ಕಡೆ ಇದು ನಡೆಯುತ್ತದೆ. ಹೆತ್ತೂರು, ಯಸಳೂರಿನಂಥ ಕಡೆ ನಿಧಾನ.

ಸ್ಪೇನಿನ ಮಾಲಿಗೆ ಮಾತ್ರ ಈಗಲೇ ಕೈ ಹಾಕದಿರುವುದು ಲೇಸು. ಮಾತುಕತೆ ಮುಗಿದ ದಿನವೇ ಸುಂಕ ಇಳಿಯುವುದಿಲ್ಲ. ಸಹಿ ಆಗಬೇಕು, ಐರೋಪ್ಯ ಸಂಸತ್ತು ಒಪ್ಪಬೇಕು, ಜಾರಿ ದಿನಾಂಕ ಬರಬೇಕು. ಜಾರಿಯಾದ ಮೇಲೂ ಮೊದಲ ಮೆಟ್ಟಿಲು ಶೇ 75, ಶೇ 30 ಅನ್ನೋದು ವರ್ಷಗಳ ಆಚೆಯ ಮಾತು. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾದ ಒಪ್ಪಂದದಲ್ಲೂ ಸ್ಕಾಚ್ ಸುಂಕ ಶೇ 150ರಿಂದ 75ಕ್ಕೆ ಬಂದು ಶೇ 40ಕ್ಕೆ ಇಳಿಯಲು ಹತ್ತು ವರ್ಷದ ಗಡುವಿದೆ. ಸುಂಕ ಇಳಿಯುತ್ತಿರುವ ಕಾಲದಲ್ಲಿ ಹಳೇ ಸುಂಕದ ಸರಕು ತುಂಬಿಟ್ಟುಕೊಂಡವನೇ ಸೋಲುವುದು. ಹೊಸ ಎಂಆರ್‌ಪಿ ಬಾಟಲಿ ಪಕ್ಕದ ಅಂಗಡಿಗೆ ಬಂದ ದಿನ ಹಳೇ ಎಂಆರ್‌ಪಿ ಬಾಟಲಿ ಯಾರಿಗೂ ಬೇಡ.

ಇದೇ ಒಪ್ಪಂದದಲ್ಲಿ ಆ ಕಡೆಯಿಂದ ಈ ಕಡೆಗೆ ವೈನ್ ಬಂದರೆ ಈ ಕಡೆಯಿಂದ ಆ ಕಡೆಗೆ ಹೋಗುವುದು ಕಾಫಿ. ಹುರಿಯದ ಕಾಫಿ ಬೀಜಕ್ಕೆ ಯುರೋಪಿನಲ್ಲಿ ಮೊದಲಿನಿಂದಲೂ ಸುಂಕ ಇಲ್ಲ, ಆದ್ದರಿಂದ ಸುಂಕ ಇಳಿಕೆಯ ಲಾಭ ಹುರಿದು, ಇನ್‌ಸ್ಟಂಟ್ ಮಾಡಿ ಕಳಿಸುವವರಿಗೆ. ಮೂಟೆ ಕಟ್ಟಿ ಚೆರ್ರಿ, ಪಾರ್ಚ್‌ಮೆಂಟ್ ಮಾರುವ ವನಗೂರಿನ ಬೆಳೆಗಾರನಿಗೆ ಅಲ್ಲ. ಅವನ ಮುಂದೆ ಇರುವುದು ಯುರೋಪಿನ ಅರಣ್ಯನಾಶ ತಡೆ ನಿಯಮ. ಕಾಫಿ ಬೆಳೆದ ತೋಟ ಎಲ್ಲಿದೆ ಅಂತ ಜಿಪಿಎಸ್ ಸಮೇತ ತೋರಿಸಬೇಕು ಅನ್ನುವ ಆ ನಿಯಮ ಎರಡು ಸಲ ಮುಂದಕ್ಕೆ ಹೋಗಿ ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ ಬಂದು ನಿಂತಿದೆ. ಕಾಫಿ ಬೋರ್ಡ್‌ನ ಆ್ಯಪ್‌ನಲ್ಲಿ ತೋಟ ನೋಂದಣಿ ಮಾಡಿಸದವರು ವೈನ್ ರೇಟು ನೋಡುವ ಮೊದಲು ಆ ಕೆಲಸ ಮುಗಿಸಿಕೊಳ್ಳಬೇಕು. ಪಹಣಿ, ಆಧಾರ್ ತೆಗೆದುಕೊಂಡು ಬೋರ್ಡ್‌ನ ಹತ್ತಿರದ ಕಚೇರಿಗೆ ಹೋದರೆ ಅಲ್ಲಿಯ ಸಿಬ್ಬಂದಿಯನ್ನು ಕೇಳಬಹುದು.